ಲಸಿಕೆಯ ಮನೆಯಲ್ಲಿ ಬೆಳೆದ ಇನ್ನೊಂದು ವಿದ್ಯೆ
ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಮತ್ತು ಹುಟ್ಟಿನಿಂದ ಬಂದ ರೋಗನಿರೋಧಕತೆ

1888ರ ನವೆಂಬರ್ 14ರಂದು ಪ್ಯಾರಿಸ್ಸಿನ ದ್ಯುತೊ ಬೀದಿಯಲ್ಲಿ ಪಾಶ್ಚರ್ ಸಂಸ್ಥೆಯ ಉದ್ಘಾಟನೆ ನಡೆಯಿತು. ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಬಂದಿದ್ದರು. ಲೂಯಿ ಪಾಶ್ಚರ್ ಭಾಷಣ ಬರೆದುಕೊಂಡು ಬಂದಿದ್ದರೂ ಅದನ್ನು ಓದುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಮಗ ಎದ್ದು ನಿಂತು ಓದಿದರು. ಪಾಶ್ಚರ್‌ಗೆ ಆಗ 65 ವರ್ಷ. ಪಾರ್ಶ್ವವಾಯು ಬಡಿದ ಮೈ, ದಣಿದ ದನಿ.

ಆ ಕಟ್ಟಡ ಎದ್ದದ್ದು ವಂತಿಗೆಯ ಹಣದಿಂದ. 1885ರ ಜುಲೈನಲ್ಲಿ ಅಲ್ಸೇಸಿನ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್ ಹುಚ್ಚುನಾಯಿಯಿಂದ ಕಚ್ಚಿಸಿಕೊಂಡು ಬಂದು ಲಸಿಕೆ ಪಡೆದು ಬದುಕಿದ್ದ. ಮರುವರ್ಷ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ಹುಚ್ಚು ತೋಳ ಕಡಿದ 19 ಮಂದಿ ರೈತರು ಪ್ಯಾರಿಸ್ಸಿಗೆ ಬಂದರು. ಅವರಲ್ಲಿ 16 ಮಂದಿ ಬದುಕಿ ಊರಿಗೆ ಮರಳಿದರು. ಸುದ್ದಿ ಹಬ್ಬಿದಂತೆ ದುಡ್ಡು ಹರಿದುಬಂತು. ರಷ್ಯಾದ ಚಕ್ರವರ್ತಿ ಕೊಟ್ಟರು, ಬ್ರೆಜಿಲ್‌ನ ಚಕ್ರವರ್ತಿ ಕೊಟ್ಟರು, ಹೆಸರಿಲ್ಲದ ಸಾಮಾನ್ಯರು ಕೈಲಾದಷ್ಟು ಕೊಟ್ಟರು. ಒಟ್ಟು 25 ಲಕ್ಷ ಫ್ರಾಂಕ್‌ಗೂ ಮೀರಿ ಕೂಡಿತು. ಲಸಿಕೆಗೆಂದು ಜನ ಕೊಟ್ಟ ಹಣ, ಲಸಿಕೆಗೆಂದು ಕಟ್ಟಿದ ಮನೆ.

ಸಂಸ್ಥೆಯ ಸಾಧನೆಗಳ ಪಟ್ಟಿ ಬಹುಮಟ್ಟಿಗೆ ಎಲ್ಲರಿಗೂ ಗೊತ್ತಿರುವಂಥದ್ದೇ: ಹುಚ್ಚುನಾಯಿ ಕಡಿತದ ಚಿಕಿತ್ಸೆ, ಗಂಟಲಮಾರಿಯ ಸೀರಂ, 1894ರಲ್ಲಿ ಯೆರ್ಸಿನ್ ಹಾಂಕಾಂಗ್‌ನಲ್ಲಿ ಕಂಡ ಪ್ಲೇಗಿನ ಬ್ಯಾಕ್ಟೀರಿಯಾ, 1983ರಲ್ಲಿ ಗುರುತಿಸಿದ ಎಚ್‌ಐವಿ. ಈ ಲೇಖನ ನೆನೆಯುವುದು ಆ ಪಟ್ಟಿಯ ಅಂಚಿನಲ್ಲಿ ಉಳಿದ ಒಂದು ವಿದ್ಯೆಯನ್ನು. ಯಾವ ಲಸಿಕೆಯೂ ಬೀಳುವ ಮೊದಲೇ, ಯಾವ ರೋಗವನ್ನೂ ಕಾಣುವ ಮೊದಲೇ ನಮ್ಮ ಮೈಯಲ್ಲಿರುವ ಕಾವಲಿನ ವಿದ್ಯೆ ಅದು. ಚರ್ಮ, ಲೋಳೆ, ಜಠರದ ಆಮ್ಲ, ಸೂಕ್ಷ್ಮಾಣುಗಳನ್ನು ನುಂಗುವ ಬಿಳಿರಕ್ತಕಣಗಳು, ರಕ್ತದಲ್ಲಿ ತೇಲುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು, ವೈರಸ್ ಹೊಕ್ಕ ಜೀವಕೋಶ ನೆರೆಯ ಕೋಶಗಳನ್ನು ಎಚ್ಚರಿಸಲು ಹೊರಬಿಡುವ ಇಂಟರ್‌ಫೆರಾನ್ ಎಲ್ಲ ಈ ಕಾವಲಿಗೆ ಸೇರಿದವು. ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ದೇಹಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಈ ಮೊದಲ ಕಾವಲು ನಿಮಿಷಗಳಲ್ಲಿ, ಗಂಟೆಗಳಲ್ಲಿ ಕೆಲಸಕ್ಕಿಳಿಯುತ್ತದೆ.

ಕಲಿತು ಪಡೆಯುವ ರೋಗನಿರೋಧಕತೆಗಾಗಿ ಕಟ್ಟಿದ ಮನೆಯಲ್ಲಿ ಕಲಿಯದೆ ಬಂದ ರೋಗನಿರೋಧಕತೆಗೂ ಜಾಗ ಸಿಕ್ಕಿದ್ದು ಒಬ್ಬ ವಲಸಿಗನಿಂದ.

ಒಡೆಸ್ಸಾದಿಂದ ಬಂದವರು

ಇಲ್ಯಾ ಮೆಚ್ನಿಕಾಫ್ 1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಸೀಮೆಯಲ್ಲಿ ಹುಟ್ಟಿದವರು. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಕಡಲ ಜೀವಿಗಳ ಭ್ರೂಣ ಬೆಳೆಯುವ ಬಗೆಯನ್ನು ನೋಡುತ್ತಿದ್ದವರು. ಒಡೆಸ್ಸಾ ವಿಶ್ವವಿದ್ಯಾಲಯದ ರಾಜಕೀಯ ಬೇಸರ ತಂದು ಕೆಲಸ ಬಿಟ್ಟು, 1882ರಲ್ಲಿ ಕುಟುಂಬದೊಡನೆ ಸಿಸಿಲಿಯ ಮೆಸ್ಸಿನಾಕ್ಕೆ ಹೋದರು. ಅಲ್ಲಿ ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ ನೋಡಲು ಹೋದಾಗ ಅವರು ಸೂಕ್ಷ್ಮದರ್ಶಕದಡಿ ನಕ್ಷತ್ರಮೀನಿನ ಮರಿಯನ್ನು ಇಟ್ಟುಕೊಂಡು ಕೂತಿದ್ದರು. ಗಾಜಿನಷ್ಟು ಪಾರದರ್ಶಕವಾದ ಮರಿ. ಅದರೊಳಗೆ ಅಲೆದಾಡುವ ಕೋಶಗಳನ್ನು ನೋಡುತ್ತ, ಇವು ಹೊರಗಿನಿಂದ ನುಗ್ಗಿದ್ದನ್ನು ಎದುರಿಸುವ ಕೋಶಗಳಿರಬಹುದೇ ಎಂಬ ಯೋಚನೆ ಬಂತು. ತೋಟದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ತಂದು ಮರಿಯ ಮೈಗೆ ಚುಚ್ಚಿದರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಆ ಮರಿಗೆ ರಕ್ತನಾಳವಿಲ್ಲ, ನರದ ಹತೋಟಿಯೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕೋಶಗಳು ತಾವಾಗಿ ಬಂದಿದ್ದವು.

1884ರಲ್ಲಿ ಅವರು ನೀರುಚಿಗಟ ಎನ್ನಬಹುದಾದ ಡಾಫ್ನಿಯಾದ ಮೇಲೆ ಪ್ರಬಂಧ ಬರೆದರು. ಸೂಜಿಯಂಥ ಯೀಸ್ಟ್ ಬೀಜಾಣುಗಳು ಅದರ ಕರುಳನ್ನು ತೂರಿ ಒಳಬಂದಾಗ ಬಿಳಿಕಣಗಳು ಮುತ್ತಿ ನುಂಗುತ್ತವೆ. ಎಲ್ಲವನ್ನೂ ನುಂಗಿದರೆ ಡಾಫ್ನಿಯಾ ಬದುಕುತ್ತದೆ, ಒಂದೆರಡು ತಪ್ಪಿಸಿಕೊಂಡು ಮೊಳೆತರೆ ಸಾಯುತ್ತದೆ. ಆರೋಗ್ಯ, ರೋಗ ಎರಡನ್ನೂ ಒಂದೇ ಕೋಶದ ಗೆಲುವು ಸೋಲುಗಳಾಗಿ ತೋರಿಸಿದ ಬರಹವದು. ಈ ನುಂಗುವ ಕೋಶಗಳಿಗೆ ಕನ್ನಡದಲ್ಲಿ ಭಕ್ಷಕಕೋಶ ಎನ್ನುತ್ತೇವೆ.

ಆ ಕಾಲದ ಬಹುತೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಕೀವು ಎಂದರೆ ರೋಗ, ಉರಿಯೂತ ಎಂದರೆ ಕೇಡು ಎಂಬುದು ರೂಢಿಯ ನಂಬಿಕೆ. ಬಿಳಿಕಣದೊಳಗೆ ಬ್ಯಾಕ್ಟೀರಿಯಾ ಕಂಡರೆ, ಅದು ಅಲ್ಲಿ ಸುಖವಾಗಿ ಕೂತು ಮೈಯೆಲ್ಲ ಸುತ್ತುತ್ತಿದೆ ಎಂದು ಅವರು ಅರ್ಥ ಮಾಡುತ್ತಿದ್ದರು. ಬರ್ಲಿನ್‌ನಲ್ಲಿ ಬ್ಯಾಕ್ಟೀರಿಯಾಶಾಸ್ತ್ರದ ಹಿರಿಯ ರಾಬರ್ಟ್ ಕಾಖ್ ತಣ್ಣಗೆ ಮಾತಾಡಿಸಿ ಕಳಿಸಿದರು. ಒಡೆಸ್ಸಾದಲ್ಲಿ 1886ರಲ್ಲಿ ತೆರೆದ ಬ್ಯಾಕ್ಟೀರಿಯಾ ಕೇಂದ್ರವನ್ನು ನಡೆಸುವ ಹೊಣೆ ಹೊತ್ತರೂ, ವೈದ್ಯ ಪದವಿಯಿಲ್ಲದ ನಿರ್ದೇಶಕ ಎಂಬ ದೂರು ತಪ್ಪಲಿಲ್ಲ. ಪ್ಯಾರಿಸ್ಸಿನಲ್ಲಿ ಮಾತ್ರ ಪಾಶ್ಚರ್ ಮೆಚ್ನಿಕಾಫ್ ಮಾತನ್ನು ಕೇಳಿ, ಕಟ್ಟುತ್ತಿರುವ ಸಂಸ್ಥೆಯಲ್ಲಿ ಪ್ರಯೋಗಾಲಯ ಕೊಡುತ್ತೇನೆಂದರು. 1888ರಲ್ಲಿ ಮೆಚ್ನಿಕಾಫ್ ಪತ್ನಿ ಓಲ್ಗಾರೊಡನೆ ಬಂದು ನೆಲೆಸಿದರು. ಮೊದಮೊದಲು ಸಂಬಳವಿಲ್ಲದ ಕೆಲಸ. ಆಮೇಲೆ ಆ ಪ್ರಯೋಗಾಲಯಕ್ಕೆ ಯುರೋಪಿನ ಮೂಲೆಮೂಲೆಯಿಂದ ಕಲಿಯುವವರು ಬರತೊಡಗಿದರು.

1891ರಲ್ಲಿ ಅವರು ಸಂಸ್ಥೆಯಲ್ಲಿ ಉರಿಯೂತದ ಬಗ್ಗೆ ಉಪನ್ಯಾಸಮಾಲೆ ಕೊಟ್ಟರು. ಮರುವರ್ಷ ಅದು ಪುಸ್ತಕವಾಯಿತು. ಏಕಕೋಶ ಜೀವಿಯಿಂದ ಮನುಷ್ಯನವರೆಗೆ ಸಾಲಾಗಿ ನೋಡಿದರೆ, ಉರಿಯೂತವು ಮೂಲದಲ್ಲಿ ರಕ್ಷಣೆಯ ಕ್ರಿಯೆ ಎಂಬುದು ಅದರ ವಾದ. ಗಾಯ ಕೆಂಪಾಗಿ ಬಿಸಿಯಾಗಿ ಊದುವುದು ಭಕ್ಷಕಕೋಶಗಳು ರಕ್ತನಾಳದಿಂದ ಹೊರಬಂದು ಕೆಲಸಕ್ಕೆ ಇಳಿದುದರ ಲಕ್ಷಣ. ಇಂದು ಯಾವ ವೈದ್ಯಕೀಯ ಪಠ್ಯಪುಸ್ತಕ ತೆರೆದರೂ ಇದೇ ಮಾತಿದೆ.

ರಸವೋ ಕೋಶವೋ

1890ರಲ್ಲಿ ಬರ್ಲಿನ್‌ನ ಬೇರಿಂಗ್ ಮತ್ತು ಕಿತಾಸಾತೊ ಧನುರ್ವಾಯು, ಗಂಟಲಮಾರಿಗಳ ವಿಷವನ್ನು ಅಡಗಿಸುವ ಗುಣ ರಕ್ತದ ಸೀರಂನಲ್ಲಿದೆ ಎಂದು ತೋರಿಸಿದರು. ಅದರಲ್ಲಿ ಕೋಶವೇ ಇರಲಿಲ್ಲ. ರಕ್ಷಣೆ ರಕ್ತದ ರಸದಲ್ಲಿದೆಯೋ ಕೋಶದಲ್ಲಿದೆಯೋ ಎಂಬ ವಾದ ಹತ್ತು ಹದಿನೈದು ವರ್ಷ ನಡೆಯಿತು. 1870ರ ಯುದ್ಧದ ಕಹಿ ಆರದ ಜರ್ಮನಿ, ಫ್ರಾನ್ಸ್‌ಗಳ ನಡುವೆ ಅದಕ್ಕೆ ರಾಷ್ಟ್ರಾಭಿಮಾನದ ಬಿಸಿಯೂ ತಾಗಿತು.

ಪಾಶ್ಚರ್ ಸಂಸ್ಥೆ ಈ ವಾದದಲ್ಲಿ ನಿಂತ ರೀತಿ ನೆನಪಿಡತಕ್ಕದ್ದು. ಅಲ್ಲಿನ ಎಮಿಲ್ ರೂ ಕುದುರೆಗಳಲ್ಲಿ ಗಂಟಲಮಾರಿಯ ಸೀರಂ ತಯಾರಿಸಿ, 1894ರಲ್ಲಿ ಬುಡಾಪೆಸ್ಟ್ ಸಮ್ಮೇಳನದಲ್ಲಿ ಫಲಿತಾಂಶ ಹೇಳಿದರು. ಉಸಿರುಗಟ್ಟಿ ಸಾಯುತ್ತಿದ್ದ ಮಕ್ಕಳು ಬದುಕತೊಡಗಿದ್ದರು. ಆ ಹೊತ್ತಿನಲ್ಲಿ ಸಂಸ್ಥೆಗೆ ಜನರ ಪ್ರೀತಿಯೂ ಹಣವೂ ಬಂದದ್ದು ಸೀರಂನಿಂದ, ಅಂದರೆ ಮೆಚ್ನಿಕಾಫ್ ಎದುರಿಸುತ್ತಿದ್ದ ಪಕ್ಷದ ವಿದ್ಯೆಯಿಂದ. ಆದರೂ ಅದೇ ಸೂರಿನಡಿ ಭಕ್ಷಕಕೋಶದ ಪ್ರಯೋಗಾಲಯ ಮುಂದುವರಿಯಿತು.

ಅದೇ 1894ರಲ್ಲಿ ಜರ್ಮನಿಯ ಫೈಫರ್, ಲಸಿಕೆ ಪಡೆದ ಗಿನಿಯಿಲಿಯ ಹೊಟ್ಟೆಯ ದ್ರವದಲ್ಲಿ ಕಾಲರಾ ಬ್ಯಾಕ್ಟೀರಿಯಾ ಭಕ್ಷಕಕೋಶದ ಸಹಾಯವಿಲ್ಲದೆ ಕರಗಿಹೋಗುವುದನ್ನು ತೋರಿಸಿದರು. ಇದಕ್ಕೆ ಉತ್ತರ ಹುಡುಕುವ ಕೆಲಸ ಮೆಚ್ನಿಕಾಫ್ ಬಳಿಗೆ ಆಗತಾನೆ ಬಂದಿದ್ದ ಬೆಲ್ಜಿಯಂನ ತರುಣ ಜೂಲ್ ಬೋರ್ಡೆ ಅವರ ಪಾಲಿಗೆ ಬಂತು. ಬೋರ್ಡೆ ಕಂಡದ್ದು ಇದು: ಬ್ಯಾಕ್ಟೀರಿಯಾವನ್ನು ಕರಗಿಸಲು ಸೀರಂನಲ್ಲಿ ಎರಡು ವಸ್ತು ಬೇಕು. ಒಂದು ಲಸಿಕೆಯಿಂದ ಬಂದದ್ದು, ಅಂದರೆ ಪ್ರತಿಕಾಯ. ಗೊತ್ತಾದ ಬ್ಯಾಕ್ಟೀರಿಯಾವನ್ನಷ್ಟೇ ಹಿಡಿಯುತ್ತದೆ, ಬಿಸಿಗೆ ಕೆಡುವುದಿಲ್ಲ. ಇನ್ನೊಂದು ಲಸಿಕೆ ಪಡೆಯದ ಪ್ರಾಣಿಯ ಸೀರಂನಲ್ಲೂ ಇದೆ. 55 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಶಾಖಕ್ಕೇ ಕೆಡುತ್ತದೆ. ಈ ಎರಡನೆಯದನ್ನು ಇಂದು ಕಾಂಪ್ಲಿಮೆಂಟ್ ಎನ್ನುತ್ತೇವೆ, ಹುಟ್ಟಿನಿಂದ ಬಂದ ರಕ್ಷಣೆಯ ಬಹುದೊಡ್ಡ ಅಂಗ ಅದು. ಗುರುವಿನ ಪಕ್ಷವನ್ನು ಕಾಯಲು ಹೊರಟ ಶಿಷ್ಯ ರಸದೊಳಗಿನ ಸಹಜ ಕಾವಲನ್ನು ಪತ್ತೆ ಮಾಡಿದ್ದರು. ಗುರು ತಡೆಯಲಿಲ್ಲ, ಪ್ರಬಂಧ ಸಂಸ್ಥೆಯ ಪತ್ರಿಕೆಯಲ್ಲೇ ಪ್ರಕಟವಾಯಿತು. 1919ರ ನೊಬೆಲ್ ಬೋರ್ಡೆಗೆ ಬಂತು.

ಅದಕ್ಕೂ ಮೊದಲು, 1908ರಲ್ಲಿ, ನೊಬೆಲ್ ಸಮಿತಿ ಮೆಚ್ನಿಕಾಫ್ ಮತ್ತು ಪ್ರತಿಕಾಯ ಪಕ್ಷದ ಪಾಲ್ ಏರ್ಲಿಖ್ ಇಬ್ಬರಿಗೂ ಬಹುಮಾನ ಹಂಚಿ ಕೊಟ್ಟಿತ್ತು. ಪ್ರತಿಕಾಯ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಭಕ್ಷಕಕೋಶ ಬೇಗ ನುಂಗುತ್ತದೆ ಎಂಬುದು ಆ ಹೊತ್ತಿಗೆ ಲಂಡನ್‌ನ ಆಲ್ಮ್ರಾಥ್ ರೈಟ್ ಕೆಲಸದಿಂದ ತಿಳಿದಿತ್ತು.

ನಮ್ಮ ಸೀಮೆಗೂ ಈ ಗುರುಪರಂಪರೆಯ ಒಂದು ಎಳೆ ಬಂದಿದೆ. ಒಡೆಸ್ಸಾದಲ್ಲಿ ಮೆಚ್ನಿಕಾಫ್ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಗುರುವಿನ ಹಿಂದೆ ಪ್ಯಾರಿಸ್ಸಿಗೆ ಬಂದು, ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸ ಹಿಡಿದು, ಬಿಡುವಿನಲ್ಲಿ ಕಾಲರಾ ಲಸಿಕೆ ತಯಾರಿಸಿದರು. 1893ರಲ್ಲಿ ಭಾರತಕ್ಕೆ ಬಂದ ಅವರೇ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೆ ಚುಚ್ಚಿಕೊಂಡರು. ಮರುವರ್ಷ ಪ್ಲೇಗ್ ಹೊಕ್ಕ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್ಕಿನ್ ಲಸಿಕೆ ಹಾಕಿಸಿಕೊಂಡರು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಹೆಸರಿನ ಸಂಸ್ಥೆ ತೆರೆದ ಮೇಲೆ ದಕ್ಷಿಣದವರಿಗೆ ಹುಚ್ಚುನಾಯಿ ಕಡಿತದ ಚಿಕಿತ್ಸೆ ಹತ್ತಿರವಾಯಿತು.

ಮರೆತ ದಶಕಗಳು

ಮೆಚ್ನಿಕಾಫ್ ಕೊನೆಯ ವರ್ಷಗಳಲ್ಲಿ ಮುಪ್ಪಿನ ಬಗ್ಗೆ ಬರೆದರು. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳ ವಿಷವೇ ಮುಪ್ಪು ತರುತ್ತದೆ, ಮೊಸರಿನ ಬ್ಯಾಕ್ಟೀರಿಯಾ ಅದನ್ನು ತಡೆಯಬಲ್ಲದು ಎಂದು ವಾದಿಸಿ, ಬಲ್ಗೇರಿಯದ ಮೊಸರಿಗೆ ಯುರೋಪಿನಲ್ಲೆಲ್ಲ ಗಿರಾಕಿ ಹುಟ್ಟಿಸಿದರು. ಮೊಸರಿಲ್ಲದೆ ಊಟ ಮುಗಿಸದ ನಮಗೆ ಇದು ಹೊಸದಾಗಿ ಕೇಳಿಸದು. 1916ರ ಜುಲೈನಲ್ಲಿ, ಸಂಸ್ಥೆಯೊಳಗೆ ಪಾಶ್ಚರ್ ವಾಸವಾಗಿದ್ದ ಮನೆಯಲ್ಲೇ ಅವರು ತೀರಿಕೊಂಡರು. ಅವರ ಚಿತಾಭಸ್ಮ ಈಗಲೂ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಅವರ ವಿದ್ಯೆಯೂ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಇಪ್ಪತ್ತನೆಯ ಶತಮಾನದ ಬಹುಭಾಗ ರೋಗನಿರೋಧಶಾಸ್ತ್ರವೆಂದರೆ ಪ್ರತಿಕಾಯ, ಲಿಂಫೋಸೈಟ್ ಎಂಬ ಬಿಳಿಕಣಗಳ ಶಾಸ್ತ್ರ. ಭಕ್ಷಕಕೋಶವನ್ನು ಕಸ ಗುಡಿಸುವ ಆಳಿನಂತೆ ನೋಡಲಾಯಿತು. ಪಾಶ್ಚರ್ ಸಂಸ್ಥೆಯೂ ಇದಕ್ಕೆ ಹೊರತಾಗಿರಲಿಲ್ಲ. 1965ರಲ್ಲಿ ಅಲ್ಲಿನ ಜಾಕೋಬ್, ಲ್ವೋಫ್, ಮೊನೊ ನೊಬೆಲ್ ಪಡೆದದ್ದು ಜೀನುಗಳ ನಿಯಂತ್ರಣದ ಕೆಲಸಕ್ಕೆ. ಸ್ಮರಣೆಯ ಬರಹದಲ್ಲಿ ಹೊಗಳಿಕೆಗೆ ಜಾಗ ಹೆಚ್ಚು. ಆದರೂ ಈ ವಿದ್ಯೆ ಮತ್ತೆ ಚಿಗುರಿದ್ದು ಪ್ಯಾರಿಸ್ಸಿನ ಆ ಅಂಗಳದಲ್ಲಿ ಅಲ್ಲ ಎಂಬುದನ್ನು ದಾಖಲಿಸಲೇಬೇಕು.

1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ ಒಂದು ಸರಳ ಪ್ರಶ್ನೆ ಎತ್ತಿದರು. ಶುದ್ಧ ಪ್ರೋಟೀನನ್ನು ಮಾತ್ರ ಚುಚ್ಚಿದರೆ ದೇಹ ಅದನ್ನು ಲೆಕ್ಕಿಸುವುದೇ ಕಡಿಮೆ. ಸತ್ತ ಬ್ಯಾಕ್ಟೀರಿಯಾದ ಚೂರು ಬೆರೆಸಿದರೆ ಮಾತ್ರ ಜೋರಾಗಿ ಪ್ರತಿಕ್ರಿಯಿಸುತ್ತದೆ. ಯಾಕೆ? ಸೂಕ್ಷ್ಮಾಣುಗಳಲ್ಲಿದ್ದು ನಮ್ಮಲ್ಲಿಲ್ಲದ ರಚನೆಗಳನ್ನು ಗುರುತಿಸುವ ಸಂವೇದಕಗಳು ಹುಟ್ಟಿನಿಂದ ಬಂದ ಕಾವಲಿನಲ್ಲಿರಬೇಕು. ಅವು ಎಚ್ಚರಿಸಿದರೆ ಮಾತ್ರ ಪ್ರತಿಕಾಯದ ಪಡೆ ಹೊರಡುತ್ತದೆ ಎಂಬುದು ಅವರ ಊಹೆ. 1996ರಲ್ಲಿ ಫ್ರಾನ್ಸಿನದೇ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ ಹಾಫ್‌ಮನ್ ತಂಡ, ಟೋಲ್ ಎಂಬ ಜೀನ್ ಕೆಟ್ಟ ಹಣ್ಣುನೊಣಗಳು ಬೂಷ್ಟಿನ ಸೋಂಕು ತಾಳದೆ ಸಾಯುವುದನ್ನು ತೋರಿಸಿತು. ಮರುವರ್ಷ ಜೇನ್‌ವೇ ಮತ್ತು ಮೆಡ್ಝಿಟಾಫ್ ಮನುಷ್ಯರಲ್ಲೂ ಅಂಥ ಜೀನ್ ಕಂಡರು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ, ಬ್ಯಾಕ್ಟೀರಿಯಾದ ಹೊರಕವಚದ ಕೊಬ್ಬಿನಂಶವನ್ನು ಗುರುತಿಸುವುದು ಇದೇ ಬಳಗದ ಟಿಎಲ್‌ಆರ್-4 ಎಂಬ ಸಂವೇದಕ ಎಂದು ತೋರಿಸಿತು. 2011ರ ನೊಬೆಲ್ ಹಾಫ್‌ಮನ್, ಬ್ಯೂಟ್ಲರ್ ಮತ್ತು ಡೆಂಡ್ರಿಟಿಕ್ ಕೋಶ ಕಂಡ ರಾಲ್ಫ್ ಸ್ಟೈನ್‌ಮನ್ ಅವರಿಗೆ ಬಂತು. ಸ್ಟೈನ್‌ಮನ್ ಘೋಷಣೆಗೆ ಮೂರು ದಿನ ಮೊದಲೇ ತೀರಿಕೊಂಡಿದ್ದರು.

ಪಾಶ್ಚರ್ ಸಂಸ್ಥೆ ತಡವಾದರೂ ಹಿಂದೆ ಉಳಿಯಲಿಲ್ಲ. ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾದ ಹಿಂದೆ ಬಿದ್ದಿದ್ದ ಫಿಲಿಪ್ ಸಾನ್ಸೊನೆಟ್ಟಿ ಬಳಗ, ಕರುಳಿನ ಕೋಶದ ಒಳಗೇ ಕೂತು ಬ್ಯಾಕ್ಟೀರಿಯಾದ ಗೋಡೆಯ ಚೂರನ್ನು ಗುರುತಿಸುವ ನಾಡ್-1, ನಾಡ್-2 ಎಂಬ ಸಂವೇದಕಗಳ ಕೆಲಸವನ್ನು 2001ರಿಂದ 2003ರ ನಡುವೆ ಬಿಡಿಸಿತು. ನಾಡ್-2 ಜೀನಿನ ಕೆಲವು ದೋಷಗಳು ಕರುಳಿನ ದೀರ್ಘ ಉರಿಯೂತವಾದ ಕ್ರೋನ್ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ತಿಳಿದದ್ದೂ 2001ರಲ್ಲೇ.

ಕಾಯುವುದೂ ಅದೇ, ಕಾಡುವುದೂ ಅದೇ

ನಮ್ಮ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಎಂಬ ಭಕ್ಷಕಕೋಶಗಳನ್ನು ತಯಾರಿಸುತ್ತದೆ. ಬಿಳಿರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ. ಅವುಗಳ ಬೆಲೆ ತಿಳಿಯುವುದು ಅವು ಕೆಟ್ಟಾಗ. ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ರಾಸಾಯನಿಕವನ್ನು ತಯಾರಿಸಲಾಗದ ಕೋಶಗಳೊಡನೆ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರ ಪ್ರತಿಕಾಯಗಳು ಸರಿಯಿದ್ದರೂ ಕುರು, ನ್ಯುಮೋನಿಯಾ, ಬೂಷ್ಟಿನ ಸೋಂಕು ಮೇಲಿಂದ ಮೇಲೆ ಬರುತ್ತವೆ.

ಇದೇ ಕಾವಲು ಅಳತೆ ಮೀರಿದರೆ ಆಪತ್ತು. ಬ್ಯಾಕ್ಟೀರಿಯಾ ಮೈಯೆಲ್ಲ ಹರಡಿ ಸಂವೇದಕಗಳೆಲ್ಲ ಒಟ್ಟಿಗೆ ಎಚ್ಚರಿಸಿದಾಗ ರಕ್ತನಾಳಗಳು ಸೋರಿ, ರಕ್ತದೊತ್ತಡ ಕುಸಿದು, ಅಂಗಗಳು ಒಂದೊಂದಾಗಿ ಸೋಲುತ್ತವೆ. ಅದು ಸೆಪ್ಸಿಸ್. ಗೌಟ್ ರೋಗಿಯ ಹೆಬ್ಬೆರಳ ಕೀಲಿನಲ್ಲಿ ಯಾವ ಸೂಕ್ಷ್ಮಾಣುವೂ ಇಲ್ಲ. ಯೂರಿಕ್ ಆಮ್ಲದ ಹರಳನ್ನು ಕಂಡು ಭಕ್ಷಕಕೋಶ ಕೆರಳಿರುತ್ತದೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟೆರಾಲ್ ನುಂಗಿ ನುಂಗಿ ಉಬ್ಬಿದ ಮ್ಯಾಕ್ರೋಫೇಜ್ ಎಂಬ ಭಕ್ಷಕಕೋಶಗಳೇ ಕೊಬ್ಬಿನ ಗಂಟಿಗೆ ತಳಪಾಯ ಹಾಕುತ್ತವೆ. 2020ರಲ್ಲಿ ಪಾಶ್ಚರ್ ಸಂಸ್ಥೆಯ ಡಾರಾ ಡಫಿ ಮತ್ತು ಪ್ಯಾರಿಸ್ ಆಸ್ಪತ್ರೆಗಳ ವೈದ್ಯರು ತೀವ್ರ ಕೋವಿಡ್ ರೋಗಿಗಳ ರಕ್ತ ಪರೀಕ್ಷಿಸಿದಾಗ ಎರಡೂ ಒಟ್ಟಿಗೆ ಕಂಡವು: ವೈರಸ್ಸನ್ನು ತಡೆಯಬೇಕಾದ ಇಂಟರ್‌ಫೆರಾನ್ ತೀರ ಕಡಿಮೆ, ಉರಿಯೂತದ ಸಂಕೇತಗಳು ತೀರ ಹೆಚ್ಚು. ಬೇಕಾದದ್ದು ಬರಲಿಲ್ಲ, ಬೇಡವಾದದ್ದು ನಿಲ್ಲಲಿಲ್ಲ.

ತೋಳಿನ ಕಲೆ

ಲಸಿಕೆಯ ಮನೆ ಮತ್ತು ಮೆಚ್ನಿಕಾಫ್ ಕೋಶ ಮತ್ತೆ ಒಂದೆಡೆ ಸೇರಿದ್ದು ಕ್ಷಯದ ಲಸಿಕೆ ಬಿಸಿಜಿಯಲ್ಲಿ. ಉತ್ತರ ಫ್ರಾನ್ಸಿನ ಲೀಲ್ ಪಟ್ಟಣದ ಪಾಶ್ಚರ್ ಸಂಸ್ಥೆಯಲ್ಲಿ ಆಲ್ಬರ್ಟ್ ಕಾಲ್ಮೆತ್ ಮತ್ತು ಕಮೀಲ್ ಗೇರಾಂ 1908ರಿಂದ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಮೂರು ವಾರಕ್ಕೊಮ್ಮೆ ಹೊಸದಾಗಿ ಬೆಳೆಸುತ್ತ ಹೋದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಊರನ್ನು ಹಿಡಿದಾಗಲೂ ಬಿಡಲಿಲ್ಲ. 13 ವರ್ಷ, 230 ಬಾರಿ. ರೋಗ ತರುವ ಶಕ್ತಿ ಕಳೆದುಕೊಂಡ ಆ ತಳಿಯನ್ನು 1921ರಲ್ಲಿ ಮೊದಲ ಬಾರಿಗೆ ಶಿಶುವಿಗೆ ಕೊಡಲಾಯಿತು. ಭಾರತದಲ್ಲಿ 1948ರಿಂದ ಮದರಾಸಿನ ಗಿಂಡಿಯಲ್ಲಿ ತಯಾರಾಯಿತು. ನಮ್ಮಲ್ಲಿ ಬಹಳ ಮಂದಿಯ ಎಡತೋಳಿನ ಮೇಲ್ಭಾಗದ ಪುಟ್ಟ ಕಲೆ ಅದರದೇ.

ಬಿಸಿಜಿ ಪಡೆದ ಶಿಶುಗಳಲ್ಲಿ ಕ್ಷಯಕ್ಕೆ ಸಂಬಂಧವಿಲ್ಲದ ಸಾವುಗಳೂ ಕಡಿಮೆ ಎಂದು ಸ್ವೀಡನ್‌ನ ವೈದ್ಯರೊಬ್ಬರು 1930ರ ಸುಮಾರಿಗೇ ಗಮನಿಸಿದ್ದರು. ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್‌ನಲ್ಲಿ ಕಡಿಮೆ ತೂಕದ ಶಿಶುಗಳಲ್ಲೂ ಹಾಗೆಯೇ ಕಂಡಿತು. ಕಾರಣದ ಸುಳಿವು 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಿಹಾಯ್ ನೆಟಿಯಾ ತಂಡದಿಂದ ಬಂತು. ಬಿಸಿಜಿ ಪಡೆದ ಮೂರು ತಿಂಗಳ ಮೇಲೂ ರಕ್ತದ ಮಾನೊಸೈಟ್ ಎಂಬ ಬಿಳಿಕಣಗಳು ಬೇರೆ ಸೂಕ್ಷ್ಮಾಣುಗಳನ್ನು ಕಂಡಾಗ ಮೊದಲಿಗಿಂತ ಚುರುಕಾಗಿದ್ದವು. ಅವುಗಳ ಡಿಎನ್‌ಎ ಬದಲಾಗಿರಲಿಲ್ಲ, ಅದನ್ನು ಸುತ್ತಿಟ್ಟಿರುವ ಪ್ರೋಟೀನುಗಳ ಗುರುತುಗಳು ಬದಲಾಗಿದ್ದವು. ಆ ಬದಲಾವಣೆಗೆ ದಾರಿಯಾದದ್ದು ನಾಡ್-2. ಕಲಿಯದೆ ಬಂದ ಕಾವಲೂ ಅಷ್ಟಿಷ್ಟು ಕಲಿಯಬಲ್ಲದು. ಆದರೆ ಈ ಕಲಿಕೆಗೆ ಮಿತಿಯಿದೆ: ಕೋವಿಡ್ ಕಾಲದ ದೊಡ್ಡ ಪರೀಕ್ಷೆಯಲ್ಲಿ ಬಿಸಿಜಿ ಆರೋಗ್ಯ ಕಾರ್ಯಕರ್ತರಿಗೆ ಆ ರೋಗದಿಂದ ರಕ್ಷಣೆ ಕೊಡಲಿಲ್ಲ.

ಸಾವಿರ ಆರೋಗ್ಯವಂತರು

ಸಂಸ್ಥೆಯ ಇತ್ತೀಚಿನ ದೊಡ್ಡ ಕೆಲಸಕ್ಕೆ ರೋಗಿಗಳೇ ಬೇಕಾಗಲಿಲ್ಲ. 2012ರಲ್ಲಿ ಮಿಲ್ಯೂ ಆಂತೇರಿಯರ್ ಯೋಜನೆಯಡಿ ರೆನ್ ಪಟ್ಟಣದ ಸಾವಿರ ಆರೋಗ್ಯವಂತರಿಂದ, ಅಂದರೆ 20ರಿಂದ 69 ವರ್ಷದ 500 ಗಂಡಸರು, 500 ಹೆಂಗಸರಿಂದ, ರಕ್ತ ಪಡೆದು ಅವರ ರೋಗನಿರೋಧಕತೆ ಎಷ್ಟು ಬಗೆಯಾಗಿದೆ ಎಂದು ಅಳೆಯಲಾಯಿತು. ಲುಯಿಸ್ ಕಿಂತಾನಾ-ಮುರ್ಸಿ ಮತ್ತು ಸಂಗಡಿಗರ 2018ರ ವರದಿಯಂತೆ, ಹುಟ್ಟಿನಿಂದ ಬಂದ ಕಾವಲಿನ ಕೋಶಗಳಲ್ಲಿ ಮನುಷ್ಯರಿಂದ ಮನುಷ್ಯರಿಗೆ ಕಾಣುವ ವ್ಯತ್ಯಾಸಕ್ಕೆ ಜೀನುಗಳ ಪಾಲು ಹೆಚ್ಚು; ಕಲಿತ ಕಾವಲಿನಲ್ಲಿ ವಯಸ್ಸು, ಹಳೆಯ ಸೋಂಕು, ಬದುಕಿದ ರೀತಿಗಳ ಪಾಲು ಹೆಚ್ಚು. 2024ರ ಇನ್ನೊಂದು ವರದಿ ಧೂಮಪಾನದ್ದು. ಸಿಗರೇಟು ಸಹಜ ಕಾವಲಿನ ಉರಿಯೂತವನ್ನು ಹೆಚ್ಚಿಸುತ್ತದೆ, ಬಿಟ್ಟರೆ ಅದು ಬೇಗ ಇಳಿಯುತ್ತದೆ. ಕಲಿತ ಕಾವಲಿನ ಮೇಲಾದ ಪರಿಣಾಮ ಬಿಟ್ಟು ವರ್ಷಗಳಾದರೂ ಉಳಿಯುತ್ತದೆ.

ಕೋವಿಡ್ ಬಂದುಹೋದ ಮೇಲೆ ನಮ್ಮ ಅಂಗಡಿಗಳಲ್ಲಿ ಇಮ್ಯೂನಿಟಿ ಬೂಸ್ಟರ್ ಎಂಬ ಚೀಟಿಯಿಲ್ಲದ ಕಷಾಯದ ಪುಡಿ ಸಿಗುವುದೇ ಅಪರೂಪ. ದ್ಯುತೊ ಬೀದಿಯ ಮನೆಯ ಇಷ್ಟು ವರ್ಷಗಳ ಕೆಲಸವನ್ನು ಓದಿದವರಿಗೆ ಆ ಮಾತು ಅರ್ಧಸತ್ಯವೆಂದು ತಿಳಿಯುತ್ತದೆ. ಈ ಕಾವಲು ಕಡಿಮೆಯಾದರೆ ಕುರು, ಹೆಚ್ಚಾದರೆ ಸೆಪ್ಸಿಸ್, ನಿಲ್ಲದೆ ಹೋದರೆ ಗೌಟ್ ಮತ್ತು ಹೃದ್ರೋಗ. ಏರಿಸುವುದಕ್ಕಿಂತ ಸಮಯಕ್ಕೆ ಎದ್ದು ಸಮಯಕ್ಕೆ ಮಲಗುವಂತೆ ಮಾಡುವುದೇ ಇನ್ನೂ ಬಿಡಿಸದ ಸಮಸ್ಯೆ.

ಪಾಶ್ಚರ್ ಸಂಸ್ಥೆಗೆ ಸಲ್ಲಬೇಕಾದ ಗೌರವ ಅದರ ಲಸಿಕೆಗಳಿಗೆ ಆಗಲೇ ಸಂದಿದೆ. ತನ್ನ ಹಣ ತರುವ ವಿದ್ಯೆಯನ್ನು ಪ್ರಶ್ನಿಸುತ್ತಿದ್ದ, ವೈದ್ಯನೂ ಅಲ್ಲದ, ಪರದೇಶದವನೂ ಆದ ಒಬ್ಬ ಮನುಷ್ಯನಿಗೆ 28 ವರ್ಷ ಜಾಗ ಕೊಟ್ಟದ್ದಕ್ಕಾಗಿಯೂ ಅದನ್ನು ನೆನೆಯಬೇಕು. ಅವರ ವಾದಕ್ಕೆ ಪೂರ್ತಿ ಉತ್ತರ ಸಿಗಲು ನೂರು ವರ್ಷ ಹಿಡಿಯಿತು. ಸಂಶೋಧನೆಗೆ ಹಣ ಹಂಚುವವರು ವರ್ಷಕ್ಕೊಮ್ಮೆ ಫಲ ಕೇಳುವ ಈ ಕಾಲದಲ್ಲಿ, ಅಂಥ ಪ್ರಶ್ನೆಗೆ ಜಾಗ ಕೊಡುವ ಸಂಸ್ಥೆಗಳು ನಮ್ಮಲ್ಲಿ ಎಷ್ಟಿವೆ ಎಂದು ಕೇಳಿಕೊಳ್ಳುವುದಕ್ಕೂ ಇಂಥ ಸ್ಮರಣೆ ಒದಗಬೇಕು.